ಆ ಓಣಿಗೆ ಮಳಿ, ಈ ಓಣಿಗೆ ಬಿಸಿಲು: ಕಲಬುರಗಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತು ವರ್ಷ ಈ ಸೀಮೆಯ ಹೈಸ್ಕೂಲುಗಳಲ್ಲಿ ಭೂಗೋಳ ಪಾಠ ಮಾಡಿದೆ. ಆಳಂದ, ಚಿಂಚೋಳಿ, ಸುರಪುರ, ಕೊನೆಗೆ ಕಲಬುರಗಿ. ಯಾವ ಊರಿಗೆ ಹೋದರೂ ಮಿರಗ (ಮೃಗಶಿರಾ ಮಳೆ) ಕೂಡುವ ಹೊತ್ತಿಗೆ ಮಕ್ಕಳ ಅಪ್ಪಂದಿರು ಸಾಲಿ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಿದ್ದದ್ದು ಒಂದೇ ಮಾತು: "ಸರ್, ಅವರ ಹೊಲಕ್ಕ ಬಿತ್ತು, ನಮ್ಮ ಹೊಲಕ್ಕ ಯಾಕ ಬೀಳಲಿಲ್ಲ?" ಈಗ ನಿವೃತ್ತನಾಗಿದ್ದರೂ ಫೋನ್ ಮಾಡಿ ಕೇಳುತ್ತಾರೆ. ಮಕ್ಕಳು ಹೊರದೇಶದಲ್ಲಿರುವ ನೆರೆಯವರು ಇದೇ ಪ್ರಶ್ನೆಯನ್ನು ಹಿಮದ ಬಗ್ಗೆ ಕೇಳುತ್ತಾರೆ. ಎರಡಕ್ಕೂ ಉತ್ತರ ಬಹುಪಾಲು ಒಂದೇ. ಹಾಗಾಗಿ ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ.

ಒಂದೇ ಊರಲ್ಲಿ ಒಂದು ಕಡೆ ಧೋ ಅಂತ ಮಳೆ, ಇನ್ನೊಂದು ಕಡೆ ರಸ್ತೆ ಒಣಗಿದ್ದು. ಇದು ಹೇಗೆ ಸಾಧ್ಯ?

ಮಳೆ ಅಂದರೆ ಆಕಾಶವೆಲ್ಲ ಒಟ್ಟಿಗೆ ಸುರಿಯುವುದು ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಬೇಸಿಗೆಯ ಕೊನೆಯ, ಮುಂಗಾರಿನ ಆರಂಭದ ಮಳೆ ಹಾಗೆ ಬರುವುದಿಲ್ಲ. ಅದು ಒಂದೊಂದೇ ಮೋಡದಿಂದ ಬರುತ್ತದೆ. ಆ ಮೋಡದ ಎತ್ತರ ಹತ್ತು ಹದಿನೈದು ಕಿಲೋಮೀಟರ್ ಇರಬಹುದು, ಆದರೆ ಅದರೊಳಗೆ ಮಳೆ ಇಳಿಸುವ ಭಾಗದ ಅಗಲ ಕೆಲವೇ ಕಿಲೋಮೀಟರ್. ಕಂಬದ ಹಾಗೆ ನಿಂತ ಮೋಡ ಎಂದುಕೊಳ್ಳಿ. ಆ ಕಂಬ ಜೇವರ್ಗಿ ರಸ್ತೆಯ ಮೇಲೆ ನಿಂತರೆ ಹುಮನಾಬಾದ್ ರಸ್ತೆಯವರಿಗೆ ಬರೀ ಗುಡುಗು ಕೇಳಿಸುತ್ತದೆ.

ಅದು ಹುಟ್ಟುವ ಬಗೆ ಹೀಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಎರಿ ಹೊಲಗಳಲ್ಲಿ ಬೆಳೆ ಇರುವುದಿಲ್ಲ. ಕರಿ ಮಣ್ಣು ಬಿಸಿಲನ್ನು ಹೀರಿಕೊಂಡು ಕಾಯುತ್ತದೆ, ಅದರ ಮೇಲಿನ ಗಾಳಿಯೂ ಕಾದು ಹಗುರಾಗಿ ಮೇಲೇಳುತ್ತದೆ. ಎತ್ತರ ಹೋದಷ್ಟೂ ತಂಪು. ಒಂದು ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಗಾಳಿಯಲ್ಲಿರುವ ಆವಿ ಅಲ್ಲಿ ಹನಿಯಾಗುತ್ತದೆ. ಹನಿಯಾಗುವಾಗ ಶಾಖ ಬಿಡುಗಡೆಯಾಗುತ್ತದೆ, ಆ ಶಾಖವೇ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ಮಧ್ಯಾಹ್ನ ಮೂರಕ್ಕೆ ಹತ್ತಿಯ ಉಂಡೆಯಂತೆ ಕಂಡದ್ದು ಐದಕ್ಕೆ ಕೋಟೆಯಂತೆ ನಿಲ್ಲುವುದು ಇದರಿಂದ.

ಇಂಥ ಒಂದು ಮೋಡದ ಆಯುಷ್ಯ ಅರ್ಧ ತಾಸಿನಿಂದ ಒಂದು ತಾಸು. ಮಳೆ ಇಳಿಯಲು ಶುರುವಾದೊಡನೆ ಅದರ ಜೊತೆ ತಣ್ಣನೆ ಗಾಳಿಯೂ ಇಳಿದು, ಮೇಲೇರುವ ಬಿಸಿ ಗಾಳಿಯ ಬಾಯಿ ಮುಚ್ಚಿಬಿಡುತ್ತದೆ. ಮೋಡ ತನ್ನ ಮಳೆಯಿಂದಲೇ ಸಾಯುತ್ತದೆ. ಅಷ್ಟರೊಳಗೆ ಅದು ಯಾರ ತಲೆಯ ಮೇಲಿತ್ತೋ ಅವರಿಗೆ ಮಳೆ.

ಒಂದು ಸಂಜೆ ನನ್ನ ತಮ್ಮನ ಹೊಲದ ಬದುವಿನ ಮೇಲೆ ನಿಂತು ನಾನಿದನ್ನು ಕಣ್ಣಾರೆ ನೋಡಿದ್ದೇನೆ. ನೈರುತ್ಯಕ್ಕೆ ಬೂದು ಪರದೆ ಇಳಿಬಿಟ್ಟ ಹಾಗೆ ಮಳೆ ಬರುತ್ತಿತ್ತು. ಮೊದಲು ಧೂಳಿನ ವಾಸನೆ, ಆಮೇಲೆ ತಣ್ಣನೆ ಗಾಳಿ, ಆಮೇಲೆ ಪಕ್ಕದ ಹೊಲದ ತೊಗರಿ ಕಟ್ಟಿಗೆಯ ರಾಶಿಯ ಮೇಲೆ ಪಟಪಟ ಸದ್ದು. ದಪ್ಪ ಹನಿಗಳು ಎರಿ ಮಣ್ಣಿನಲ್ಲಿ ಕಾಸಿನಗಲ ಕುಣಿ ಮಾಡುತ್ತಾ ನಮ್ಮ ಬದುವಿನ ತನಕ ಬಂದವು. ಬದುವಿನ ಆಚೆ ನೆಲ ಕಪ್ಪಾಯಿತು. ಈಚೆ ನಾವು ಕಾಯುತ್ತಾ ನಿಂತೆವು. ಹತ್ತು ನಿಮಿಷದಲ್ಲಿ ಪರದೆ ಹರಿದು ಪೂರ್ವಕ್ಕೆ ಹೋಯಿತು. ತಮ್ಮ ಮಾತಾಡಲಿಲ್ಲ. ಬಿತ್ತಲು ತಂದಿಟ್ಟ ಹೆಸರಿನ ಬೀಜದ ಚೀಲವನ್ನು ಮತ್ತೆ ಬಂಡಿಗೆ ಎತ್ತಿಟ್ಟ. ನಮ್ಮ ಅಜ್ಜಿ ಹೇಳುತ್ತಿದ್ದರು, "ಎತ್ತಿನ ಒಂದು ಕೋಡು ತೋಯ್ತದ, ಇನ್ನೊಂದು ಒಣಾ ಉಳೀತದ" ಅಂತ. ಆಕೆ ಸುಮ್ಮನೆ ಹೇಳಿದ್ದಲ್ಲ.

ಎಲ್ಲ ಮಳೆಯೂ ಹೀಗೇ ಬರುತ್ತದೆಯೇ?

ಇಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಅದು ಆಂಧ್ರ, ತೆಲಂಗಾಣ ದಾಟಿ ನಮ್ಮ ಕಡೆ ಬಂದಾಗ ನೂರಾರು ಕಿಲೋಮೀಟರ್ ಅಗಲದ ಮೋಡ ಹಾಸಿಕೊಳ್ಳುತ್ತದೆ. ಆಗ ಎಲ್ಲರಿಗೂ ಮಳೆ. 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಡ ಸೇರಿದ ವಾಯುಭಾರ ಕುಸಿತ ಹೈದರಾಬಾದನ್ನು ಮುಳುಗಿಸಿ ನಮ್ಮ ಮೇಲೂ ಹಾದುಹೋಯಿತು. ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರೂ ಸೇರಿ ಭೀಮೆ ಉಕ್ಕಿ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ.

ಆದರೆ ಅಂಥ ಮಳೆಯಲ್ಲೂ ದಟ್ಟ ಪಟ್ಟೆಗಳು ಇರುತ್ತವೆ. ಎಲ್ಲರೂ ತೋಯುತ್ತಾರೆ, ಎಲ್ಲರೂ ಸಮ ತೋಯುವುದಿಲ್ಲ.

ಮೋಡ ನಮ್ಮ ತಲೆಯ ಮೇಲೇ ಬಂದು, ಕಪ್ಪಾಗಿ, ಗುಡುಗಿ, ಒಂದು ಹನಿ ಹಾಕದೆ ಹೋಗುತ್ತದಲ್ಲ, ಯಾಕೆ?

ಬಹಳ ಸಲ ಹನಿ ಹೊರಟಿರುತ್ತದೆ, ನೆಲ ಮುಟ್ಟುವುದಿಲ್ಲ. ನಮ್ಮಲ್ಲಿ ಮೇ ತಿಂಗಳ ಗಾಳಿ ಬಹಳ ಒಣ. ಮೋಡದ ಅಡಿ ನೆಲದಿಂದ ಎರಡು ಮೂರು ಕಿಲೋಮೀಟರ್ ಮೇಲಿದ್ದರೆ ಸಣ್ಣ ಹನಿಗಳು ದಾರಿಯಲ್ಲೇ ಆರಿಹೋಗುತ್ತವೆ. ಮೋಡದ ಕೆಳಗೆ ಜಡೆಯಂತೆ ಎಳೆಗಳು ಇಳಿದು ಅರ್ಧಕ್ಕೇ ಕರಗಿದ್ದನ್ನು ನೀವು ನೋಡಿರುತ್ತೀರಿ. ಅದು ಆವಿಯಾಗುತ್ತಿರುವ ಮಳೆಯೇ.

ಇನ್ನೊಂದು ಕಾರಣವಿದೆ. ದೊಡ್ಡ ಗುಡುಗು ಮೋಡದ ತಲೆ ಕಮ್ಮಾರನ ಅಡಿಗಲ್ಲಿನಂತೆ ಹರಡಿಕೊಳ್ಳುತ್ತದೆ. ಆ ಹರಡಿದ ಭಾಗ ನಿಮ್ಮ ಮೇಲಿದ್ದರೆ ಕತ್ತಲಾಗುತ್ತದೆ, ಮಳೆ ಸುರಿಸುವ ಕಂಬ ಮಾತ್ರ ಹತ್ತು ಹದಿನೈದು ಕಿಲೋಮೀಟರ್ ಆಚೆ ಇರುತ್ತದೆ. ಆ ಕಂಬದಿಂದ ಇಳಿದ ತಣ್ಣನೆ ಗಾಳಿ ನೆಲದ ಮೇಲೆ ಸುತ್ತಲೂ ಹರಿದು ನಿಮ್ಮ ಊರಿಗೆ ಧೂಳೆಬ್ಬಿಸಿ ಬರುತ್ತದೆ. "ಗಾಳಿ ಬಂದು ಮಳಿ ಹೊಡಕೊಂಡು ಹೋಯ್ತು" ಎನ್ನುತ್ತೇವೆ. ಆ ಗಾಳಿ ಬೇರೆ ಕಡೆ ಬಿದ್ದ ಮಳೆಯ ಸುದ್ದಿ ತಂದಿರುತ್ತದೆ ಅಷ್ಟೆ. ಅದೇ ತಣ್ಣನೆ ಗಾಳಿ ಎಲ್ಲೋ ಬಿಸಿ ಗಾಳಿಗೆ ಎದುರಾಗಿ ಅದನ್ನು ಮೇಲಕ್ಕೆತ್ತಿದರೆ ಅಲ್ಲಿ ಹೊಸ ಮೋಡ ಹುಟ್ಟುತ್ತದೆ. ಎಲ್ಲಿ ಹುಟ್ಟುತ್ತದೆ ಎಂಬುದನ್ನು ಒಂದು ದಿನ ಮೊದಲು ಹೊಲದ ಲೆಕ್ಕದಲ್ಲಿ ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ.

ಗಾಳಿಯಂತ್ರಗಳು ಮೋಡ ಓಡಿಸುತ್ತವೆ ಅಂತಾರಲ್ಲ?

ಓಡಿಸುವುದಿಲ್ಲ. ಆ ಯಂತ್ರದ ರೆಕ್ಕೆಯ ತುದಿ ಸಾಮಾನ್ಯವಾಗಿ ನೂರೈವತ್ತು ಇನ್ನೂರು ಮೀಟರ್ ಮುಟ್ಟುತ್ತದೆ. ಮಳೆಮೋಡ ಅದರ ಹಲವು ಪಟ್ಟು ಎತ್ತರದಲ್ಲಿ ಶುರುವಾಗುತ್ತದೆ. ಸೋಲಾರ್ ಫಲಕಗಳ ಮೇಲೂ ಇದೇ ಆರೋಪ ಬರುತ್ತದೆ. ಮಳೆ ತಪ್ಪಿದವರ ಸಂಕಟ ದೊಡ್ಡದು, ಯಾರನ್ನಾದರೂ ದೂರಬೇಕು ಅನ್ನಿಸುತ್ತದೆ. ಆದರೆ ಈ ಯಂತ್ರಗಳು ಬರುವ ಎಷ್ಟೋ ಕಾಲ ಮೊದಲೇ ಈ ನಾಡು ಬರಗಳನ್ನು ಕಂಡಿದೆ.

ಬೀದರ, ಕಲಬುರಗಿ, ಯಾದಗಿರಿ ಮೂರಕ್ಕೂ ಮಳೆ ಯಾಕೆ ಒಂದೇ ಸಮ ಇಲ್ಲ?

ಮೊದಲು ದೊಡ್ಡ ಚಿತ್ರ. ಅರಬ್ಬಿ ಸಮುದ್ರದ ಗಾಳಿ ಪಶ್ಚಿಮ ಘಟ್ಟ ಏರುವಾಗ ಬಹುಪಾಲು ನೀರನ್ನು ಅಲ್ಲೇ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು. ಘಟ್ಟ ಇಳಿದ ಗಾಳಿ ಒಣಗಿ ನಮ್ಮ ಕಡೆ ಬರುತ್ತದೆ. ಇದನ್ನು ಮಳೆಯ ನೆರಳು ಎನ್ನುತ್ತಾರೆ. ನಮ್ಮ ಪಾಲು ಅದರ ಹತ್ತನೇ ಒಂದು ಭಾಗದ ಆಸುಪಾಸು.

ಈ ಮೂರರಲ್ಲಿ ಬೀದರಕ್ಕೆ ಸಾಮಾನ್ಯವಾಗಿ ಹೆಚ್ಚು. ಅದು ಉತ್ತರಕ್ಕಿದೆ, ಬಂಗಾಳ ಕೊಲ್ಲಿಯಿಂದ ಒಳಬರುವ ಕುಸಿತಗಳ ದಾರಿಗೆ ಹತ್ತಿರ. ಎತ್ತರವೂ ಹೆಚ್ಚು, ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಇದ್ದರೆ ಬೀದರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ 700ರ ಹತ್ತಿರ. ಯಾದಗಿರಿ ಇನ್ನೂ ತಗ್ಗು. ಸುರಪುರ, ಶಹಾಪುರ ಭಾಗಕ್ಕೆ ನಾರಾಯಣಪುರದ ಬಸವಸಾಗರದ ಕಾಲುವೆ ಇರುವುದರಿಂದ ಮಳೆ ತಪ್ಪಿದರೂ ಕಾಲುವೆ ಕೆಳಗಿನವರು ಭತ್ತ ನೋಡುತ್ತಾರೆ; ಆಳಂದದ ತೊಗರಿಗೆ ಆಕಾಶವೇ ಗತಿ.

ಗುಡ್ಡ, ಕೆರೆ, ಪಟ್ಟಣ ಇವುಗಳಿಂದ ಮಳೆ ಹೆಚ್ಚು ಕಡಿಮೆ ಆಗುತ್ತದೆಯೇ?

ಗುಡ್ಡದಿಂದ ಆಗುತ್ತದೆ. ಚಿಂಚೋಳಿಯ ಗುಡ್ಡಗಳು ಘಟ್ಟದಷ್ಟು ಎತ್ತರವಿಲ್ಲ, ಆದರೂ ಗಾಳಿಗೆ ಮೇಲೇಳಲು ಅಷ್ಟೇ ನೆಪ ಸಾಕಾಗುವ ದಿನಗಳಿವೆ. ಕೆರೆಯಿಂದ, ಕಾರಂಜಾ ಅಥವಾ ಬೆಣ್ಣೆತೊರೆ ಜಲಾಶಯದಷ್ಟು ನೀರಿನಿಂದ ಆಗುವ ವ್ಯತ್ಯಾಸ ಬಹಳ ಸಣ್ಣದು. ಪಟ್ಟಣದ ಕಾಂಕ್ರೀಟು, ಡಾಂಬರು, ಶಹಾಬಾದ್ ಫರಸಿ ಕಲ್ಲು ಹಗಲೆಲ್ಲ ಕಾದು ರಾತ್ರಿಯವರೆಗೂ ಶಾಖ ಬಿಡುತ್ತವೆ. ದೊಡ್ಡ ಮಹಾನಗರಗಳಲ್ಲಿ ಇದರಿಂದ ಮಳೆಯ ಜಾಗ ಬದಲಾಗುತ್ತದೆ. ಕಲಬುರಗಿಯ ಮಟ್ಟಿಗೆ ಪಟ್ಟಣ ಮಾಡುವ ದೊಡ್ಡ ತೊಂದರೆ ಬೇರೆ: ಬಿದ್ದ ನೀರಿಗೆ ಹೋಗಲು ದಾರಿ ಇಲ್ಲ. ಅರ್ಧ ತಾಸಿನ ಮಳೆಗೆ ತಗ್ಗಿನ ಓಣಿಗಳ ಮನೆಯೊಳಗೆ ಮೊಣಕಾಲುದ್ದ ನೀರು ಬಂದಾಗ "ಇವತ್ತು ಇಲ್ಲೇ ಹೆಚ್ಚು ಬಿತ್ತು" ಅನ್ನಿಸುತ್ತದೆ. ಎಷ್ಟೋ ಸಲ ಬಿದ್ದದ್ದು ಎಲ್ಲರಷ್ಟೇ, ನಿಂತದ್ದು ಮಾತ್ರ ಅಲ್ಲಿ.

ನಮ್ಮ ಮಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಅವರ ಮನೆಯಲ್ಲಿ ಬರೀ ಮಳೆ, ಅದೇ ಊರಿನ ಗೆಳತಿಯ ಮನೆಯಲ್ಲಿ ಮಂಡಿಯುದ್ದ ಹಿಮ ಅಂತಾಳೆ. ಹಿಮಕ್ಕೂ ಹೀಗೇ ಆಗುತ್ತದೆಯೇ?

ಈ ಪ್ರಶ್ನೆ ಕೇಳಿದ್ದು ನಮ್ಮ ಓಣಿಯ ಅಕ್ಕನವರು. ಮಗಳು ಫೋನಿನಲ್ಲಿ ಎರಡು ಫೋಟೊ ಕಳಿಸಿದ್ದಳು. ಉತ್ತರ ಬಿಡಿಸಿ ಹೇಳಬೇಕಾದದ್ದು, ಯಾಕೆಂದರೆ ಕಡಲ ದಂಡೆಯ ಊರಿನಲ್ಲಿ ಹಿಮ ನಮ್ಮ ಮಳೆಗಿಂತಲೂ ಹೆಚ್ಚು ಪಕ್ಷಪಾತಿ.

ಸಮುದ್ರದ ನೀರು ಬೇಗ ತಣಿಯುವುದಿಲ್ಲ. ಚಳಿಗಾಲದಲ್ಲಿ ನೆಲ ಮಂಜುಗಟ್ಟಿದರೂ ನೀರು ಅದಕ್ಕಿಂತ ಬೆಚ್ಚಗಿರುತ್ತದೆ. ಆ ನೀರಿನ ಮೇಲೆ ಕೊರೆಯುವ ಗಾಳಿ ಬೀಸಿದಾಗ ಆಗುವುದು, ನಮ್ಮ ಕಾದ ಎರಿ ನೆಲದ ಮೇಲೆ ಮೇ ತಿಂಗಳಲ್ಲಿ ಆಗುವುದೇ: ಕೆಳಗೆ ಬೆಚ್ಚಗೆ, ಮೇಲೆ ತಣ್ಣಗೆ, ನಡುವೆ ಗಾಳಿ ಮೇಲೇಳುತ್ತದೆ. ನೀರಿನ ಮೇಲ್ಮೈಗೂ ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿಗೂ 13 ಡಿಗ್ರಿಯಷ್ಟು ಅಂತರ ಬಿದ್ದರೆ ಇಂಥ ಹಿಮಮೋಡಗಳು ಸಲೀಸಾಗಿ ಹುಟ್ಟುತ್ತವೆ. ಅವೂ ಬಿಡಿ ಬಿಡಿ ಮೋಡಗಳು. ಗಾಳಿ ಬೀಸುವ ದಿಕ್ಕಿಗೆ ಬಿತ್ತಿದ ಸಾಲಿನಂತೆ ಒಂದರ ಹಿಂದೆ ಒಂದು ನಿಲ್ಲುತ್ತವೆ. ಗಾಳಿ ದಿಕ್ಕು ಬದಲಿಸದಿದ್ದರೆ ಒಂದು ಸಾಲು ತಾಸುಗಟ್ಟಲೆ ಅದೇ ಬಡಾವಣೆಯ ಮೇಲೆ ಸುರಿಯುತ್ತದೆ. ಪಕ್ಕದ ಸಾಲಿನ ನಡುವಿನ ಜಾಗದಲ್ಲಿ ನಕ್ಷತ್ರ ಕಾಣುತ್ತವೆ.

ಸಿಯಾಟಲ್‌ಗೆ ಇನ್ನೊಂದು ವಿಶೇಷವಿದೆ. ಊರಿನ ಪಶ್ಚಿಮಕ್ಕೆ ಒಲಿಂಪಿಕ್ ಪರ್ವತಗಳು, ಸುಮಾರು 2400 ಮೀಟರ್ ಎತ್ತರ. ಕಡಲಿಂದ ಬಂದ ಗಾಳಿ ಅವನ್ನು ದಾಟಲಾರದೆ ಎರಡು ಪಾಲಾಗಿ ಸುತ್ತಿ ಬರುತ್ತದೆ. ಹೊಳೆಯ ನಡುವಿನ ಬಂಡೆಯನ್ನು ನೀರು ಸುತ್ತುವ ಹಾಗೆ. ಬೆನ್ನ ಹಿಂದೆ, ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯ ಮೇಲೆ, ಎರಡು ಪಾಲೂ ಡಿಕ್ಕಿ ಹೊಡೆದು ಮೇಲೇಳುತ್ತವೆ. ಆ ಡಿಕ್ಕಿಯ ಗೆರೆ ಹೆಚ್ಚಾಗಿ ಊರಿನ ಉತ್ತರ ಭಾಗದಿಂದ ಎವರೆಟ್ ಎಂಬ ಊರಿನ ನಡುವೆ ಬೀಳುತ್ತದೆ. ಗೆರೆಯ ಕೆಳಗಿನವರಿಗೆ ಹಿಮ ಸುರಿಯುವಾಗ ದಕ್ಷಿಣದವರಿಗೆ ಏನೂ ಇಲ್ಲದ ದಿನಗಳಿವೆ. ಆ ಪರ್ವತಗಳು ನಮ್ಮ ಘಟ್ಟದ ಕೆಲಸವನ್ನೂ ಮಾಡುತ್ತವೆ. ಅವುಗಳ ಪಶ್ಚಿಮದ ಕಾಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತದೆ, ಈಶಾನ್ಯದ ನೆರಳಿನಲ್ಲಿರುವ ಸೆಕ್ವಿಮ್ ಎಂಬ ಊರಿಗೆ 400ರ ಆಸುಪಾಸು. ಕಡಲ ಮಗ್ಗುಲಲ್ಲಿದ್ದೂ ಅದು ಕಲಬುರಗಿಗಿಂತ ಒಣ ಊರು.

ಕೊನೆಗೆ ಎತ್ತರ. ಅಲ್ಲಿ ಹಿಮ ಬೀಳುವ ದಿನ ತಾಪ ಹೆಚ್ಚಾಗಿ ಸೊನ್ನೆ, ಒಂದು ಡಿಗ್ರಿಯ ಸುತ್ತ ಓಲಾಡುತ್ತಿರುತ್ತದೆ. ದಡದಲ್ಲಿ ಸಮುದ್ರದ ಬಿಸುಪಿಗೆ ಹಿಮದ ಎಸಳು ಕರಗಿ ಮಳೆಯಾಗುತ್ತದೆ. ನೂರು ನೂರೈವತ್ತು ಮೀಟರ್ ಎತ್ತರದ ದಿಬ್ಬದ ಮೇಲಿನ ಮನೆಗೆ ಅರ್ಧ ಒಂದು ಡಿಗ್ರಿ ಕಡಿಮೆ; ಅಷ್ಟಕ್ಕೇ ಎಸಳು ಎಸಳಾಗಿಯೇ ಉಳಿದು ಕೂಡಿಕೊಳ್ಳುತ್ತದೆ. ಅಕ್ಕನವರ ಮಗಳ ಮನೆ ನೀರಿನ ಹತ್ತಿರ, ಗೆಳತಿಯದು ದಿಬ್ಬದ ಮೇಲೆ, ಊರಿನ ಉತ್ತರಕ್ಕೆ. ಎರಡೂ ಫೋಟೊ ನಿಜ.

ಹಿಮದ ಹೆಚ್ಚು ಕಡಿಮೆ ಇನ್ನೆಲ್ಲಿ ಇಷ್ಟು ಜೋರಾಗಿದೆ?

ಎರಡು ಜಾಗ ಹೇಳುತ್ತೇನೆ. ಅಮೆರಿಕದ ಈರಿ ಸರೋವರದ ದಂಡೆಯ ಬಫಲೊ ನಗರಕ್ಕೆ 2014ರ ನವೆಂಬರಿನಲ್ಲಿ ಒಂದೇ ಹಿಮಸಾಲು ಅಂಟಿಕೊಂಡು ನಿಂತಿತು. ದಕ್ಷಿಣದ ಬಡಾವಣೆಗಳಲ್ಲಿ ಒಂದೂವರೆ ಮೀಟರಿಗೂ ಮೇಲೆ, ಅಂದರೆ ಆಳೆತ್ತರದ ಹತ್ತಿರ. ಕೆಲವೇ ಕಿಲೋಮೀಟರ್ ಉತ್ತರಕ್ಕೆ ಕೆಲವೇ ಸೆಂಟಿಮೀಟರ್. ಉತ್ತರದವರು ನಿಂತು ನೋಡಿದರೆ ದಕ್ಷಿಣಕ್ಕೆ ಬಿಳಿ ಗೋಡೆ ಕಾಣುತ್ತಿತ್ತು. ನನಗೆ ತಮ್ಮನ ಹೊಲದ ಬದು ನೆನಪಾಯಿತು.

ಇನ್ನೊಂದು ಜಪಾನ್. ಸೈಬೀರಿಯಾದ ಒಣ ಗಾಳಿ ಜಪಾನ್ ಸಮುದ್ರದ ಬೆಚ್ಚನೆಯ ಪ್ರವಾಹದ ಮೇಲೆ ಹಾದು ನೀರು ಕುಡಿದು, ಪಶ್ಚಿಮ ದಂಡೆಯ ಊರುಗಳ ಮೇಲೆ ಹಿಮ ಸುರಿಯುತ್ತದೆ. ಸುಮಾರು ಇಪ್ಪತ್ತು ಲಕ್ಷ ಜನರಿರುವ ಸಪ್ಪೊರೊ ನಗರದಲ್ಲಿ ಒಂದು ಚಳಿಗಾಲಕ್ಕೆ ಒಟ್ಟು ಐದು ಮೀಟರಿನಷ್ಟು ಬೀಳುತ್ತದೆ. ನಡುನಾಡಿನ ಬೆಟ್ಟದ ಆಚೆಗಿರುವ ಟೋಕಿಯೊಗೆ ಅದೇ ದಿನಗಳಲ್ಲಿ ನೀಲಿ ಆಕಾಶ, ಒಣ ಗಾಳಿ. ಮಂಗಳೂರು ಮತ್ತು ಕಲಬುರಗಿಯ ಸಂಬಂಧವೇ.

ಅಂದಹಾಗೆ, ಹಿಮದ ಲೆಕ್ಕ ಕೇಳಿ ಗಾಬರಿಯಾಗಬೇಡಿ. ಹತ್ತು ಸೆಂಟಿಮೀಟರ್ ಹಿಮ ಕರಗಿಸಿದರೆ ಸಾಮಾನ್ಯವಾಗಿ ಒಂದೇ ಸೆಂಟಿಮೀಟರಿನಷ್ಟು ನೀರು.

ಬೀದರದಲ್ಲಿ ಹಿಮ ಬಿತ್ತು ಅಂತ ವಿಡಿಯೊ ಬರುತ್ತದಲ್ಲ?

ಅದು ಆಣೆಕಲ್ಲು. ಹಿಮ ಚಳಿಗಾಲದ್ದು, ಮೋಡದಲ್ಲಿ ಹರಳಾಗಿ ಹುಟ್ಟಿ ಎಸಳಾಗಿ ಮೆಲ್ಲಗೆ ಇಳಿಯುತ್ತದೆ. ಆಣೆಕಲ್ಲು ಬೇಸಿಗೆಯ ಮೋಡದ್ದು. ಫೆಬ್ರವರಿಯಿಂದ ಮೇವರೆಗೆ ನಮ್ಮ ಮೇಲೆ ನೀರು ಹೆಪ್ಪುಗಟ್ಟುವ ಎತ್ತರ ಹೆಚ್ಚುಕಡಿಮೆ ನಾಲ್ಕೂವರೆ ಐದು ಕಿಲೋಮೀಟರ್. ಬಲವಾದ ಮೇಲ್ಗಾಳಿ ಹನಿಯನ್ನು ಅದರ ಮೇಲಕ್ಕೆ ಒಯ್ದು ಹೆಪ್ಪುಗಟ್ಟಿಸುತ್ತದೆ, ಸುತ್ತಲಿನ ತಣ್ಣೀರು ಅಂಟಿ ಕಲ್ಲು ಬೆಳೆಯುತ್ತದೆ, ಗಾಳಿಗೆ ಹೊರಲಾಗದಷ್ಟು ತೂಕವಾದಾಗ ಬೀಳುತ್ತದೆ. ಒಂದು ಕಲ್ಲನ್ನು ಒಡೆದು ನೋಡಿ. ಉಳ್ಳಾಗಡ್ಡಿಯ ಹಾಗೆ ಪದರ ಕಾಣುತ್ತದೆ, ಒಂದು ಬೆಳ್ಳಗೆ, ಒಂದು ಗಾಜಿನಂತೆ.

ಚಳಿಗಾಲದಲ್ಲಿ ಬೀದರದ ತಾಪ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆದರೂ ಹಿಮ ಬೀಳುವುದಿಲ್ಲ. ಆ ಚಳಿ ನೆಲದ ಹತ್ತಿರದ್ದು, ಮೋಡವಿಲ್ಲದ ರಾತ್ರಿಯದು. ಹಿಮಕ್ಕೆ ಮೋಡವೂ ಬೇಕು, ಮೋಡದಿಂದ ನೆಲದವರೆಗೆ ಹೆಪ್ಪುಗಟ್ಟುವ ಚಳಿಯೂ ಬೇಕು.

ಆಣೆಕಲ್ಲು ಎಲ್ಲಕ್ಕಿಂತ ಸಣ್ಣ ಪಟ್ಟಿಯಲ್ಲಿ ಬೀಳುತ್ತದೆ. 2014ರ ಫೆಬ್ರವರಿ, ಮಾರ್ಚ್‌ನಲ್ಲಿ ಮಹಾರಾಷ್ಟ್ರ ಮತ್ತು ನಮ್ಮ ಭಾಗದಲ್ಲಿ ದಿನಗಟ್ಟಲೆ ಅಲ್ಲಲ್ಲಿ ಬಿತ್ತು. ಕಟಾವಿಗೆ ಬಂದ ಜೋಳ, ಕಡಲಿ, ದ್ರಾಕ್ಷಿ ನೆಲ ಕಚ್ಚಿದವು. ಒಬ್ಬರ ಕಡಲಿ ಒಕ್ಕಿದ ಹಾಗೆ ಉದುರಿ ಹೋಗಿರುತ್ತಿತ್ತು, ನಾಲ್ಕು ಹೊಲ ದಾಟಿದರೆ ಎಲೆಯೂ ಹರಿದಿರುತ್ತಿರಲಿಲ್ಲ.

ಮುನ್ಸೂಚನೆಯಲ್ಲಿ "ಅಲ್ಲಲ್ಲಿ ಮಳೆ" ಅಂದರೆ ಏನು? ಅವರಿಗೇ ಗೊತ್ತಿಲ್ಲ ಅಂತಲೇ?

ಆ ಮಾತಿಗೆ ಲೆಕ್ಕವಿದೆ. ಹವಾಮಾನ ಇಲಾಖೆ ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಎಷ್ಟಕ್ಕೆ ಮಳೆ ಬರಬಹುದು ಎಂಬುದನ್ನು ನಾಲ್ಕು ಮಾತುಗಳಲ್ಲಿ ಹೇಳುತ್ತದೆ. ನೂರರಲ್ಲಿ 25ರವರೆಗೆ ಇದ್ದರೆ ಒಂದು ಮಾತು, ಅದು ನಮ್ಮ ಪತ್ರಿಕೆಗಳಲ್ಲಿ "ಅಲ್ಲಲ್ಲಿ" ಆಗುತ್ತದೆ. 26ರಿಂದ 50 ಕೆಲವೆಡೆ, 51ರಿಂದ 75 ಹಲವೆಡೆ, ಅದಕ್ಕೂ ಮೇಲೆ ಬಹುತೇಕ ಕಡೆ. ಅಂದರೆ "ಅಲ್ಲಲ್ಲಿ ಮಳೆ" ಎಂದ ದಿನ ನಾಲ್ಕರಲ್ಲಿ ಮೂರು ಊರು ಒಣಗಿದ್ದರೂ ಮುನ್ಸೂಚನೆ ಸರಿಯಾದ ಹಾಗೆಯೇ. ಆ ದಿನ ಬಿತ್ತನೆಗೆ ಕೂಲಿಯವರನ್ನು ಕರೆದು ಕಾಯಬೇಡಿ.

"ಭಾರಿ ಮಳೆ" ಕೂಡ ಹಾಗೇ ಅಳೆದ ಮಾತು: ಒಂದು ದಿನಕ್ಕೆ 64.5 ಮಿಲಿಮೀಟರ್ ಮೇಲೆ. 115.6ರಿಂದ ಅತಿ ಭಾರಿ.

ಮಿರಗ, ಮಘಾ, ಸ್ವಾತಿ ಮಳೆಗಳ ಲೆಕ್ಕ ನಂಬಬಹುದೇ?

ಅದು ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಲೆಕ್ಕ. ಮಿರಗ ಜೂನ್ 7, 8ರ ಸುಮಾರಿಗೆ ಕೂಡುತ್ತದೆ. ಯಾವ ಹದಿನೈದು ದಿನದಲ್ಲಿ ಯಾವ ಬೆಳೆಗೆ ಹಸಿ ಬೇಕು ಎಂಬುದನ್ನು ತಲೆಮಾರುಗಳು ನೋಡಿ ಇಟ್ಟ ಬುತ್ತಿ ಅದು. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬ ಮಾತನ್ನು ನಾನು ಪಾಠದಲ್ಲಿ ಸಂತೋಷದಿಂದ ಹೇಳುತ್ತಿದ್ದೆ. ಕಾಲ ಹೇಳುವುದಕ್ಕೆ ಅದು ಸಾಕು. ಯಾರ ಹೊಲಕ್ಕೆ ಎಂದು ಅದು ಹೇಳುವುದಿಲ್ಲ, ಹೇಳುತ್ತೇನೆಂದು ಹೊರಟೂ ಇಲ್ಲ.

ಫೋನಿನ ರೇಡಾರ್ ಚಿತ್ರದಲ್ಲಿ ನಮ್ಮೂರ ಮೇಲೆ ಬಣ್ಣ ಇರುತ್ತದೆ, ಹೊರಗೆ ಹನಿ ಇರುವುದಿಲ್ಲ.

ನಮ್ಮ ಕಡೆಯ ಚಿತ್ರ ಹೈದರಾಬಾದಿನಂಥ ದೂರದ ರೇಡಾರ್‌ನಿಂದ ಬರುತ್ತದೆ. ಅದರ ಕಿರಣ ನೇರ ಹೋಗುತ್ತದೆ, ಭೂಮಿ ಕೆಳಗೆ ಬಾಗುತ್ತದೆ. ಬೀದರಕ್ಕಿಂತ ಕಲಬುರಗಿಗೆ ಬರುವಷ್ಟರಲ್ಲಿ ಅದು ಇನ್ನೂ ಮೇಲಿರುತ್ತದೆ. ಅದು ಕಂಡದ್ದು ಮೇಲಿನ ಹನಿ. ಆ ಹನಿ ಕೆಳಗೆ ಬರುವಷ್ಟರಲ್ಲಿ ಆರಬಹುದು, ಗಾಳಿಗೆ ಪಕ್ಕಕ್ಕೆ ಸರಿಯಬಹುದು. ಚಿತ್ರವನ್ನು ಒಮ್ಮೆ ನೋಡಿ ಬಿಡಬೇಡಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಬಣ್ಣ ಯಾವ ಕಡೆ ಸರಿಯಿತು ಎಂಬುದು ಮುಖ್ಯ.

ಸಿಡಿಲಿಗೆ ಪುಣೆಯ ಸಂಸ್ಥೆ ಮಾಡಿದ "ದಾಮಿನಿ" ಆ್ಯಪ್ ಇದೆ, ಕುರಿ ಕಾಯುವವರ ಫೋನಿನಲ್ಲಿ ಹಾಕಿಕೊಡಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿಸಿದರೆ ಬೇವಿನ ಗಿಡದ ಕೆಳಗೆ ನಿಲ್ಲಬೇಡಿ, ಪಕ್ಕಾ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಬರಬೇಡಿ. ಮಳೆ ನಿಮ್ಮ ಮೇಲೆ ಇಲ್ಲ ಎಂದರೆ ಸಿಡಿಲೂ ಇಲ್ಲ ಎಂದಲ್ಲ.

ಪಂಚಾಯಿತಿಯ ಮಾಪಕದಲ್ಲಿ ಮಳೆ ಆಗಿದೆ ಅಂತ ಬರೆದಿದೆ, ನಮ್ಮ ಹೊಲ ಒಣಗಿದೆ. ಯಾವುದು ಸುಳ್ಳು?

ಎರಡೂ ಸುಳ್ಳಲ್ಲ, ನೋವು ಇರುವುದೇ ಅಲ್ಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದು ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ, ದೇಶದಲ್ಲಿ ಇಷ್ಟು ದಟ್ಟವಾಗಿ ಅಳೆಯುವ ರಾಜ್ಯಗಳು ಕಡಿಮೆ. ಆದರೂ ಆ ಮಾಪಕದ ಬಾಯಿ ಒಂದು ತಟ್ಟೆಯಷ್ಟು. ಅದು ಹತ್ತಾರು ಚದರ ಕಿಲೋಮೀಟರಿನ ಪರವಾಗಿ ಮಾತಾಡುತ್ತದೆ.

ಫಸಲ್ ಬಿಮಾದಲ್ಲಿ ಮುಖ್ಯ ಬೆಳೆಗಳಿಗೆ ಪಂಚಾಯಿತಿ ಮಟ್ಟದ ಸರಾಸರಿ ಇಳುವರಿಯೇ ಲೆಕ್ಕ. ನಿಮ್ಮ ಹೊಲವೊಂದಕ್ಕೇ ಮಳೆ ತಪ್ಪಿದ್ದು ಅದರಲ್ಲಿ ಮುಳುಗಿಹೋಗುತ್ತದೆ. ಆದರೆ ಆಣೆಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ ಒಬ್ಬೊಬ್ಬರ ಹೊಲವನ್ನೂ ನೋಡುವ ಅವಕಾಶವಿದೆ. ಅದಕ್ಕೆ 72 ತಾಸಿನೊಳಗೆ ತಿಳಿಸಬೇಕು. ತಮ್ಮ ಒಂದು ವರ್ಷ ನಾಲ್ಕನೇ ದಿನ ಹೋದ. ಕೌಂಟರಿನಲ್ಲಿದ್ದವರು ಅರ್ಜಿ ತಗೊಳ್ಳಲಿಲ್ಲ. ನಿಯಮ ನನಗೆ ಗೊತ್ತಿತ್ತು, ಅವನಿಗೆ ನಾನು ಹೇಳಿರಲಿಲ್ಲ. ಆ ಒಂದು ಕಾರಣಕ್ಕೆ ಈ 72ನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ.

ನಮ್ಮ ಹೊಲದ ಮಳೆಯನ್ನು ನಾವೇ ಅಳೆಯಬಹುದೇ?

ಅಳೆಯಲೇಬೇಕು. ನೇರ ಗೋಡೆಯ, ಸಮತಟ್ಟಾದ ತಳದ ಡಬ್ಬಿ ಸಾಕು. ಬಾಯಿ ಮತ್ತು ತಳ ಒಂದೇ ಅಗಲ ಇರಬೇಕು. ಗಿಡ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇಡಿ. ಅರ್ಧ ಹುಗಿದು, ಬಾಯಿ ನೆಲದಿಂದ ಒಂದು ಅಡಿ ಮೇಲಿರಲಿ. ಒಳಗೆ ನಿಂತ ನೀರಿಗೆ ಅಳತೆಪಟ್ಟಿ ಇಳಿಸಿದರೆ ಬಂದಷ್ಟು ಮಿಲಿಮೀಟರೇ ಮಳೆ. ಒಂದು ಮಿಲಿಮೀಟರ್ ಅಂದರೆ ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗಿಂತ ತುಸು ಹೆಚ್ಚು. 25 ಮಿಲಿಮೀಟರ್ ಬಿದ್ದ ದಿನ ನಿಮ್ಮ ಎಕರೆಗೆ ಒಂದು ಲಕ್ಷ ಲೀಟರ್ ಬಂದಿದೆ. ಎರಿ ನೆಲದಲ್ಲಿ ಕೈಯಿಂದ ಒಂದು ಗೇಣು ಕೆದರಿ ಹಸಿ ಎಷ್ಟು ಇಳಿದಿದೆ ಅಂತಲೂ ನೋಡಿ, ಬಿತ್ತನೆಯ ಹದಕ್ಕೆ ಅದೇ ಮುಖ್ಯ.

ಇಲಾಖೆಯವರು ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ನೀವೂ ಅದೇ ಹೊತ್ತಿಗೆ ಅಳೆದರೆ ಅವರ ಲೆಕ್ಕದ ಜೊತೆ ಹೋಲಿಸಬಹುದು. ತಮ್ಮ ಈಗ ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಬರೆಯುತ್ತಾನೆ. ನಾನು ಕಲಬುರಗಿಯ ಮಾಳಿಗೆಯ ಮೇಲೆ ಅಳೆದು ಫೋನ್ ಮಾಡುತ್ತೇನೆ. ಎಷ್ಟೋ ಬೆಳಿಗ್ಗೆ ನನ್ನ ಡಬ್ಬಿ ಅರ್ಧ ತುಂಬಿರುತ್ತದೆ, ಅವನದರಲ್ಲಿ ತಳ ಒದ್ದೆಯಾಗಿರುತ್ತದೆ ಅಷ್ಟೆ.

ಮಳೆ ಬಾರದ ದಿನ 0 ಅಂತ ಬರೆಯಿರಿ. ಖಾಲಿ ಬಿಟ್ಟರೆ ಮುಂದೆ ನೋಡಿದವರಿಗೆ ಅಂದು ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ತಿಳಿಯುವುದಿಲ್ಲ.